185ನೇ ಸೆಕ್ಷನ್: ಒಂದು ಅಂಕಿ, ಎರಡು ಗಂಟೆ

ಕುಡಿದು ವಾಹನ ಓಡಿಸುವ ಅಪರಾಧವನ್ನು ನಾನು ಮೊದಲು ಓದಿದಾಗ ‘ಅಮಲು’ ಎಂಬ ಪದವನ್ನೇ ಹುಡುಕುತ್ತಿದ್ದೆ. ಮೋಟಾರು ವಾಹನಗಳ ಕಾಯ್ದೆ, 1988ರ 185(ಎ) ಅಮಲಿನ ಗೋಜಿಗೇ ಹೋಗುವುದಿಲ್ಲ. ಅದು ಅಂಕಿ ಕೇಳುತ್ತದೆ. 100 ಮಿಲಿಲೀಟರ್ ರಕ್ತದಲ್ಲಿ ಮದ್ಯಸಾರ 30 ಮಿಲಿಗ್ರಾಂ ಮೀರಿರಬೇಕು. ನೆಟ್ಟಗೆ ನಿಂತು ಸ್ಪಷ್ಟವಾಗಿ ಮಾತನಾಡುವವನಿಗೆ 34 ಬಂದರೆ ಆರೋಪ ನಿಲ್ಲುತ್ತದೆ; ತೂರಾಡುವವನಿಗೆ 28 ಬಂದರೆ ಈ ಖಂಡದಡಿ ನಿಲ್ಲುವುದಿಲ್ಲ. ಮಾದಕ ವಸ್ತುಗಳ ಕುರಿತ (ಬಿ) ಖಂಡ ಇದಕ್ಕೆ ತದ್ವಿರುದ್ಧ: ಅಲ್ಲಿ ಅಂಕಿಯಿಲ್ಲ, ವಾಹನ ಹತೋಟಿಯಲ್ಲಿಡಲು ಆಗದ ಸ್ಥಿತಿ ಇತ್ತೇ ಎಂಬುದೇ ಪ್ರಶ್ನೆ. ಓಡಿಸಿರಲೇಬೇಕೆಂದೂ ಇಲ್ಲ, ಓಡಿಸಲು ಯತ್ನಿಸಿದರೂ ಸಾಕು. ‘ಎಷ್ಟು ಪೆಗ್‌ವರೆಗೆ ಪರವಾಗಿಲ್ಲ’ ಎಂದು ನೆಂಟರು ಕೇಳುತ್ತಾರೆ. ಕಾಯ್ದೆಗೆ ಪೆಗ್ಗಿನ ಲೆಕ್ಕ ಗೊತ್ತಿಲ್ಲ. ಮೈತೂಕ, ಊಟ, ಕಳೆದ ಹೊತ್ತು ಎಲ್ಲವೂ ಅಂಕಿಯನ್ನು ಬದಲಿಸುತ್ತವೆ.

ಬಾಯಿಂದ ವಾಸನೆ ಬರುತ್ತಿತ್ತು ಎಂಬ ಸಾಕ್ಷ್ಯದ ಬೆಲೆ ಎಷ್ಟು? 1971ರ ಬಚೂಭಾಯಿ ಹಸನಾಲಿ ಕರ್ಯಾನಿ ಪ್ರಕರಣದಲ್ಲಿ ವಾಸನೆ, ತಡವರಿಸುವ ನಡಿಗೆ, ಹಿಗ್ಗಿದ ಕಣ್ಣಪಾಪೆ ಎಲ್ಲವನ್ನೂ ವೈದ್ಯರು ಹೇಳಿದ್ದರು. ರಕ್ತ ಅಥವಾ ಮೂತ್ರದ ಪರೀಕ್ಷೆ ಇಲ್ಲದೆ ಇಷ್ಟರಿಂದಲೇ ಕುಡಿದಿದ್ದನೆಂದು ತೀರ್ಮಾನಿಸಲಾಗದು ಎಂದಿತು ಸುಪ್ರೀಂ ಕೋರ್ಟ್.

ಇನ್ನು 202ರಿಂದ 205ನೇ ಸೆಕ್ಷನ್‌ಗಳು. ಕಾನೂನು ಪರೀಕ್ಷೆಯಲ್ಲಿ ಪ್ರಶ್ನೆ ಬೀಳುವುದು ಇದೇ ಭಾಗದಿಂದ. 203ರ ಪ್ರಕಾರ ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ, ಅನುಮಾನಕ್ಕೆ ಸಕಾರಣವಿದ್ದರೆ, ಉಸಿರಿನಲ್ಲಿ ಮದ್ಯ ಪತ್ತೆಹಚ್ಚುವ ಯಂತ್ರಕ್ಕೆ ಊದುವಂತೆ ಚಾಲಕನಿಗೆ ಹೇಳಬಹುದು. ಯಂತ್ರ ಮದ್ಯವನ್ನು ತೋರಿಸಿದರೆ, ಅಥವಾ ಚಾಲಕ ಊದಲು ಒಪ್ಪದಿದ್ದರೆ, ವಾರಂಟ್ ಇಲ್ಲದೆ ಬಂಧಿಸಬಹುದು. ಆಸ್ಪತ್ರೆಯಲ್ಲಿ ಒಳರೋಗಿಯಾಗಿರುವವನನ್ನು ಮಾತ್ರ ಹಾಗೆ ಬಂಧಿಸುವಂತಿಲ್ಲ. ಠಾಣೆಯಲ್ಲಿ ಮತ್ತೊಮ್ಮೆ ಊದುವ ಅವಕಾಶ ಕೊಡಲೇಬೇಕು. ರಕ್ತದ ಮಾದರಿಯ ವಿಷಯ 204ರಲ್ಲಿದೆ: ನೋಂದಾಯಿತ ವೈದ್ಯರೇ ತೆಗೆಯಬೇಕು, ಬಂಧಿತಳು ಹೆಣ್ಣಾಗಿದ್ದು ವೈದ್ಯ ಗಂಡಾಗಿದ್ದರೆ ಇನ್ನೊಬ್ಬ ಮಹಿಳೆ ಎದುರಿಗಿರಬೇಕು.

202ರ ಪರಂತುಕಕ್ಕೆ, ಅಂದರೆ ‘ಆದರೆ’ ಎಂದು ಸೇರಿಸಿದ ಷರತ್ತಿಗೆ, ಅಡಿಗೆರೆ ಹಾಕಿಕೊಳ್ಳಿ. ಬಂಧನವಾದ ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ಆಗದಿದ್ದರೆ ಬಿಟ್ಟು ಕಳುಹಿಸಬೇಕು. ಒಂದು ಲೆಕ್ಕ ಮಾಡೋಣ: ರಾತ್ರಿ 11.10ಕ್ಕೆ ಊದಿದಾಗ 46, 11.20ಕ್ಕೆ ಬಂಧನ, ವೈದ್ಯರ ಮುಂದೆ ನಿಲ್ಲಿಸಿದ್ದು 1.40ಕ್ಕೆ. 1.20ಕ್ಕೇ ಅವನು ಹೊರಗಿರಬೇಕಿತ್ತು. ಹಾಗೆಂದು ಮೊಕದ್ದಮೆ ಬಿದ್ದುಹೋಯಿತು ಎಂದು ಉತ್ತರ ಬರೆಯಬೇಡಿ. ಪರಂತುಕ ಹೇಳುವುದು ಕಸ್ಟಡಿಯಿಂದ ಬಿಡುಗಡೆ, ಆರೋಪದಿಂದಲ್ಲ. 46 ಎಂಬ ಅಂಕಿ ಸಾಕ್ಷ್ಯವಾಗಿ ಉಳಿಯುತ್ತದೆ. ವಕೀಲರು ಅದನ್ನು ಪಾಟೀಸವಾಲಿನಲ್ಲಿ ಅಲುಗಾಡಿಸಬೇಕು. ಯಂತ್ರದ ಕ್ಯಾಲಿಬ್ರೇಷನ್ (ಅಳತೆ ಸರಿಯಿದೆಯೇ ಎಂಬ ತಪಾಸಣೆ) ಯಾವಾಗ ಆಗಿತ್ತು, ಊದುವ ಕೊಳವೆ ಹೊಸದೇ, ಮುದ್ರಿತ ಚೀಟಿಯಲ್ಲಿ ಸಮಯ ಇದೆಯೇ? ಮೌತ್‌ವಾಶ್‌ನಿಂದ ಬಾಯಲ್ಲಿ ಉಳಿಯುವ ಮದ್ಯಸಾರ ಸುಮಾರು ಹದಿನೈದು ನಿಮಿಷದಲ್ಲಿ ಇಳಿಯುವುದರಿಂದ, ಅಷ್ಟು ಕಾದಿದ್ದರೇ? ರಕ್ತ ತೆಗೆದಿದ್ದರೆ, ಚರ್ಮ ಒರೆಸಿದ್ದು ಸ್ಪಿರಿಟ್‌ನಿಂದಲೇ?

ಊದುವುದಿಲ್ಲ ಎಂದು ಹಟ ಹಿಡಿದರೆ ಪಾರಾಗಬಹುದೇ? ಸಂವಿಧಾನದ 20(3)ನೇ ವಿಧಿ ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಆರೋಪಿಯನ್ನು ಬಲವಂತಪಡಿಸಬಾರದು ಎನ್ನುತ್ತದೆ. ಆದರೆ 1961ರ ಕಾಥಿ ಕಾಲು ಓಘಡ್ ತೀರ್ಪಿನಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಬೆರಳಚ್ಚು, ಕೈಬರಹದಂಥ ಮಾದರಿಗಳು ‘ಸಾಕ್ಷಿಯಾಗುವುದರ’ ವ್ಯಾಪ್ತಿಗೆ ಬರುವುದಿಲ್ಲ ಎಂದಿತು. 2010ರ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಬಲವಂತದ ಮಂಪರು ಪರೀಕ್ಷೆಯನ್ನು ತಡೆದದ್ದು ಮನಸ್ಸಿನೊಳಗಿನದನ್ನು ಹೊರಗೆಳೆಯುತ್ತದೆ ಎಂಬ ಕಾರಣಕ್ಕೆ. ಉಸಿರು, ರಕ್ತ ಮೊದಲ ಗುಂಪಿಗೆ ಸೇರುತ್ತವೆ. ಜೊತೆಗೆ 205ನೇ ಸೆಕ್ಷನ್ ಇದೆ: ಸಕಾರಣವಿಲ್ಲದ ನಿರಾಕರಣೆಯನ್ನು ಪ್ರಾಸಿಕ್ಯೂಷನ್ ಪರವಾದ ಸಂದರ್ಭವೆಂದು ಭಾವಿಸಬಹುದು. ಆದ್ದರಿಂದ ಮೌನದ ಹಕ್ಕನ್ನು ಬಾಯಿಮಾತಿಗೆ ಬಳಸಬೇಕು, ಉಸಿರಿಗಲ್ಲ. ‘ಎಲ್ಲಿ ಕುಡಿದೆ, ಎಷ್ಟು ಕುಡಿದೆ’ ಎಂಬ ಪ್ರಶ್ನೆಗೆ ಉತ್ತರಿಸದಿರಬಹುದು.

ಬಂಧನದ ಸಾಮಾನ್ಯ ಹಕ್ಕುಗಳು ನಿಮಗೆ ಗೊತ್ತಿರುವವೇ. 22ನೇ ವಿಧಿಯಂತೆ ಬಂಧನದ ಕಾರಣ ತಿಳಿಯುವುದು, ಇಷ್ಟದ ವಕೀಲರ ನೆರವು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರಿ. ಕಸ್ಟಡಿಯಲ್ಲಿರುವವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಉಚಿತ ವಕೀಲರು ಸಿಗುತ್ತಾರೆ. ಅಪರಾಧ ಜಾಮೀನೀಯ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 478ನೇ ಸೆಕ್ಷನ್ ಪ್ರಕಾರ ಜಾಮೀನು ಹಕ್ಕು, ಯಾರ ಕೃಪೆಯೂ ಅಲ್ಲ.

ದಂಡವನ್ನು ರಸ್ತೆಯಲ್ಲೇ ಕಟ್ಟಿ ಮುಗಿಸಬಹುದೆಂಬ ನಂಬಿಕೆ ತಪ್ಪು. ಸ್ಥಳದಲ್ಲೇ ರಾಜಿಯಾಗಬಲ್ಲ ಅಪರಾಧಗಳನ್ನು ಹೆಸರಿಸುವ 200ನೇ ಸೆಕ್ಷನ್‌ನಲ್ಲಿ 185 ಇಲ್ಲ; ನ್ಯಾಯಾಲಯದ ಮೆಟ್ಟಿಲು ಹತ್ತಲೇಬೇಕು. 2019ರ ಸೆಪ್ಟೆಂಬರ್ 1ರಿಂದ ಮೊದಲ ಸಲಕ್ಕೆ ಆರು ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಮರುಕಳಿಸಿದರೆ ಎರಡು ವರ್ಷದವರೆಗೆ ಸೆರೆ ಅಥವಾ 15,000 ರೂಪಾಯಿ, ಇಲ್ಲವೇ ಎರಡೂ. ‘ಒಪ್ಪಿಕೊಂಡು ದಂಡ ಕಟ್ಟಿ ಬಂದೆ’ ಎನ್ನುವವರು 20ನೇ ಸೆಕ್ಷನ್ ಮರೆತಿರುತ್ತಾರೆ: ಶಿಕ್ಷೆಯಾದರೆ ಕನಿಷ್ಠ ಆರು ತಿಂಗಳು ಚಾಲನಾ ಪರವಾನಗಿ ಇಲ್ಲ. ಬಾಡಿಗೆ ಕಾರು ಓಡಿಸಿ ಸಂಸಾರ ತೂಗಿಸುವವನಿಗೆ ಹತ್ತು ಸಾವಿರಕ್ಕಿಂತ ಇದೇ ಭಾರ.

ವಿಮೆಯ ಪ್ರಶ್ನೆ ಬಂದರೆ ಈ ಅಂಕಿಯ ಲೆಕ್ಕವನ್ನು ಅಲ್ಲಿಗೆ ಒಯ್ಯಬೇಡಿ. 2021ರ ಇಫ್ಕೋ ಟೋಕಿಯೊ ವಿರುದ್ಧ ಪರ್ಲ್ ಬೆವರೇಜಸ್ ತೀರ್ಪಿನಲ್ಲಿ, ಉಸಿರು ಅಥವಾ ರಕ್ತದ ಪರೀಕ್ಷೆ ನಡೆದಿರದಿದ್ದರೂ ಚಾಲಕ ಮದ್ಯದ ಪ್ರಭಾವದಲ್ಲಿದ್ದನೆಂದು ವಿಮಾ ಕಂಪನಿ ಬೇರೆ ಸಂದರ್ಭಗಳಿಂದ ತೋರಿಸಬಹುದು ಎಂದಿದೆ ಸುಪ್ರೀಂ ಕೋರ್ಟ್. ಪಾಲಿಸಿಯ ಷರತ್ತಿನಲ್ಲಿ ಇದ್ದದ್ದು 30 ಅಲ್ಲ, ನಾನು ಇಲ್ಲಿ ಹುಡುಕಿ ಸೋತ ಅದೇ ‘ಅಮಲು’.