ಎಷ್ಟು ಜನ ಬರಬಹುದು? ಪರಿಸರ ಪ್ರವಾಸೋದ್ಯಮದ ಅಧ್ಯಯನಗಳು ಸಾಗಿಬಂದ ದಾರಿ

ಕಾಡು, ಬೆಟ್ಟ, ಜಲಪಾತಗಳಿಗೆ ಜನ ಮುಗಿಬಿದ್ದಾಗಲೆಲ್ಲ ಒಂದು ಬೇಡಿಕೆ ಕೇಳಿಬರುತ್ತದೆ: ದಿನಕ್ಕೆ ಇಷ್ಟೇ ಜನ ಎಂದು ಮಿತಿ ಹಾಕಿ. ಆ ‘ಇಷ್ಟು’ ಎಷ್ಟು ಎಂದು ಹೇಳುವ ಕೆಲಸ ಸಂಶೋಧಕರ ಹೆಗಲೇರುತ್ತದೆ. ಅವರು ಅರವತ್ತು ವರ್ಷಗಳಿಂದ ಈ ಲೆಕ್ಕ ಹಾಕುತ್ತಲೇ ಬಂದಿದ್ದಾರೆ. ವಿಜ್ಞಾನವೊಂದರಿಂದಲೇ ಆ ಸಂಖ್ಯೆ ಸಿಗುವುದಿಲ್ಲ ಎಂಬುದು ಶುರುವಿನಲ್ಲೇ ಗೊತ್ತಾಗಿತ್ತು. ಆದರೂ ಆಡಳಿತಗಳು ಇವತ್ತಿಗೂ ಕೇಳುವುದು ಸಂಖ್ಯೆಯನ್ನೇ.

1864ರಲ್ಲಿ ಅಮೆರಿಕದ ಯೊಸೆಮಿಟಿ ಕಣಿವೆಯನ್ನು ಸಾರ್ವಜನಿಕರ ವಿಹಾರಕ್ಕೆಂದು ಕ್ಯಾಲಿಫೋರ್ನಿಯಾ ರಾಜ್ಯದ ಸುಪರ್ದಿಗೆ ಕೊಡಲಾಯಿತು. ಮರುವರ್ಷ ಅದರ ನಿರ್ವಹಣೆಯ ಬಗ್ಗೆ ವರದಿ ಬರೆದ ಭೂದೃಶ್ಯ ವಿನ್ಯಾಸಕಾರ ಫ್ರೆಡರಿಕ್ ಲಾ ಓಮ್‌ಸ್ಟೆಡ್, ಈಗ ನೂರಾರು ಮಂದಿ ಬರುತ್ತಿದ್ದಾರೆ, ಮುಂದೆ ಸಾವಿರಾರು ಆಗುತ್ತಾರೆ, ಒಂದು ಶತಮಾನದಲ್ಲಿ ಲೆಕ್ಕ ಹತ್ತಾರು ಲಕ್ಷಕ್ಕೆ ಹೋಗುತ್ತದೆ ಎಂದಿದ್ದರು. ವರದಿ ಮೂಲೆ ಸೇರಿತು. ಮತ್ತೆ ಬೆಳಕಿಗೆ ಬಂದದ್ದು 1952ರಲ್ಲಿ. ಅದಾಗಿ ಎರಡೇ ವರ್ಷಕ್ಕೆ, ಅಂದರೆ 1954ರಲ್ಲಿ, ಯೊಸೆಮಿಟಿಯ ವಾರ್ಷಿಕ ಭೇಟಿಗಳು ಹತ್ತು ಲಕ್ಷ ದಾಟಿದವು.

ಆ ಕಣಿವೆ ಖಾಲಿ ಜಾಗವೇನೂ ಆಗಿರಲಿಲ್ಲ. ಅಲ್ಲಿ ಅಹ್ವಾನೀಚಿ ಜನ ನೆಲೆಸಿದ್ದರು. 1851ರಲ್ಲಿ ಸಶಸ್ತ್ರ ದಳವೊಂದು ನುಗ್ಗಿ ಅವರನ್ನು ಒಕ್ಕಲೆಬ್ಬಿಸಿತ್ತು. ಕಾಲಕಾಲಕ್ಕೆ ತೆಳುವಾಗಿ ಬೆಂಕಿ ಹಾಕಿ ಹುಲ್ಲುಗಾವಲನ್ನೂ ಓಕ್ ಮರಗಳನ್ನೂ ಕಾಪಾಡಿಕೊಂಡು ಬಂದವರು ಅವರೇ. ಅವರ ಬೆಂಕಿ ನಿಂತ ಮೇಲೆ ಬಯಲೊಳಕ್ಕೆ ಮರಗಳು ನುಗ್ಗಿದವು. ಪ್ರವಾಸಿಗರು ಪ್ರಕೃತಿಯ ಸಹಜ ಚೆಲುವು ಎಂದು ಕಣ್ಣರಳಿಸಿ ನೋಡಿದ್ದು ಮನುಷ್ಯರು ರೂಪಿಸಿದ ನೆಲವನ್ನು. ಈ ಸಂಗತಿ ವಿಹಾರದ ಅಧ್ಯಯನಗಳೊಳಗೆ ಬರಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಮಧ್ಯಮ ವರ್ಗದ ಕೈಗೆ ಕಾರು ಬಂತು, ಸಂಬಳ ಸಹಿತ ರಜೆಯೂ ಬಂತು. 1958ರಲ್ಲಿ ಅಲ್ಲಿನ ಸಂಸತ್ತು ಹೊರಾಂಗಣ ವಿಹಾರದ ಬಗ್ಗೆ ಆಯೋಗವೊಂದನ್ನು ನೇಮಿಸಿತು. 1962ರಲ್ಲಿ ವರದಿ ಬಂತು, ಜೊತೆಗೆ 27 ಅಧ್ಯಯನ ಸಂಪುಟಗಳು. ಈ ವಿಷಯ ವಿಶ್ವವಿದ್ಯಾಲಯದ ಅಂಗಳಕ್ಕೆ ಬಂದದ್ದು ಹೆಚ್ಚುಕಡಿಮೆ ಆಗಲೇ. ಮೊದಲು ಕೈಹಾಕಿದವರು ಅರಣ್ಯಶಾಸ್ತ್ರಜ್ಞರು. ಹಾಗಾಗಿ ಅವರು ತಮ್ಮ ಕಸುಬಿನ ಅಳತೆಗೋಲನ್ನೇ ತಂದರು. ಒಂದು ಹುಲ್ಲುಗಾವಲು ಎಷ್ಟು ದನಗಳನ್ನು ತಾಳಿಕೊಳ್ಳುತ್ತದೆ ಎಂದು ಲೆಕ್ಕ ಹಾಕುವ ಧಾರಣಾ ಸಾಮರ್ಥ್ಯದ ಪರಿಕಲ್ಪನೆ ಪ್ರವಾಸಿಗರಿಗೂ ಅನ್ವಯವಾಯಿತು.

1964ರಲ್ಲಿ ಅಲನ್ ವ್ಯಾಗರ್ ಪ್ರಕಟಿಸಿದ ಕಿರುಪ್ರಬಂಧ ಈ ಕ್ಷೇತ್ರದ ಅಡಿಗಲ್ಲುಗಳಲ್ಲೊಂದು. ನೆಲ ಮತ್ತು ಗಿಡಗಳ ಕಡೆಯಿಂದ ನೋಡಿದರೆ ಸಾಕು ಎಂದುಕೊಂಡು ಅವರು ಹೊರಟಿದ್ದರು. ಅಧ್ಯಯನ ಮುಂದುವರಿದಂತೆ ಜನರ ಮೌಲ್ಯಗಳೂ ಅಷ್ಟೇ ಮುಖ್ಯ ಎಂಬುದು ಕಂಡಿತು. ಜಾಗ ಯಾವುದಕ್ಕೆ ಎಂದು ತೀರ್ಮಾನವಾಗದೆ ಅದು ಎಷ್ಟು ಜನರನ್ನು ತಾಳುತ್ತದೆ ಎಂದು ಹೇಳಲಾಗದು.

ಅದೇ ವರ್ಷ ರಾಬರ್ಟ್ ಲೂಕಸ್ ಅಮೆರಿಕ ಮತ್ತು ಕೆನಡಾ ಗಡಿಯ ಸರೋವರ ಪ್ರದೇಶದ ಬಗ್ಗೆ ಬರೆದದ್ದು ಇನ್ನೂ ಸ್ವಾರಸ್ಯಕರ. ಅಲ್ಲಿ ಹುಟ್ಟುಹಾಕುತ್ತ ಸಾಗುವ ದೋಣಿಯವರೂ ಮೋಟಾರು ದೋಣಿಯವರೂ ಒಂದೇ ನೀರಿನಲ್ಲಿ ಓಡಾಡುತ್ತಿದ್ದರು. ಹುಟ್ಟಿನವರಿಗೆ ಮೋಟಾರು ಕಂಡರಾಗದು. ಮೋಟಾರಿನವರಿಗೆ ಹುಟ್ಟಿನವರಿಂದ ಯಾವ ಕಿರಿಕಿರಿಯೂ ಇಲ್ಲ. ಕಾಡು ಎಲ್ಲಿಂದ ಶುರು ಎಂದು ಕೇಳಿದರೆ ಎರಡು ಗುಂಪುಗಳು ನಕ್ಷೆಯಲ್ಲಿ ತೋರಿಸಿದ ಗಡಿಯೂ ಬೇರೆ ಬೇರೆ. ಇಲ್ಲಿ ತಲೆ ಎಣಿಸಿ ಏನು ಪ್ರಯೋಜನ? ಹೀಗೆ ಬೇಸತ್ತವರು ಕ್ರಮೇಣ ಬರುವುದನ್ನೇ ಬಿಡುತ್ತಾರೆ. ಉಳಿದವರನ್ನು ಕೇಳಿದರೆ ಎಲ್ಲರೂ ‘ಚೆನ್ನಾಗಿದೆ’ ಎನ್ನುತ್ತಾರೆ. ಪ್ರವಾಸಿಗರ ತೃಪ್ತಿಯ ಸಮೀಕ್ಷೆಗಳನ್ನು ನಾನು ಅಷ್ಟಾಗಿ ನೆಚ್ಚದಿರುವುದು ಇದಕ್ಕೇ.

ಹಾಗೆಂದು ನೆಲದ ವಿಜ್ಞಾನ ಸುಮ್ಮನೆ ಕೂರಲಿಲ್ಲ. ತುಳಿತದ ಪ್ರಯೋಗಗಳನ್ನೇ ನೋಡಿ. ಡೇವಿಡ್ ಕೋಲ್ ಮತ್ತು ನೀಲ್ ಬೇಫೀಲ್ಡ್ 1993ರಲ್ಲಿ ರೂಪಿಸಿದ ವಿಧಾನ ಬಹಳ ಸರಳ: ಅರ್ಧ ಮೀಟರ್ ಅಗಲ, ಒಂದೂವರೆ ಮೀಟರ್ ಉದ್ದದ ಪಟ್ಟಿಗಳನ್ನು ಗುರುತು ಮಾಡಬೇಕು. ಒಂದರ ಮೇಲೆ 25 ಸಲ, ಇನ್ನೊಂದರ ಮೇಲೆ 75, ಮತ್ತೊಂದರ ಮೇಲೆ 200, ಕೊನೆಯದರ ಮೇಲೆ 500 ಸಲ ನಡೆಯಬೇಕು. ಒಂದನ್ನು ಹಾಗೇ ಬಿಡಬೇಕು. ಆಮೇಲೆ ಹಸಿರು ಎಷ್ಟು ಉಳಿದಿದೆ ಎಂದು ನೋಡಬೇಕು. ಇಂಥ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿದ್ದೇನೆಂದರೆ, ಬಹುಪಾಲು ಹಾನಿ ಆಗುವುದು ಮೊದಲ ಕೆಲವು ತುಳಿತಗಳಲ್ಲೇ. ನಂತರ ಎಷ್ಟು ನಡೆದರೂ ಹೆಚ್ಚುವರಿ ನಷ್ಟ ಕಡಿಮೆ. ಸವೆದ ಕಾಲುದಾರಿಗೆ ಇನ್ನೂ ಸಾವಿರ ಜನ ಬಂದರೂ ದೊಡ್ಡ ವ್ಯತ್ಯಾಸವಾಗದಿರಬಹುದು, ಯಾರೂ ಕಾಲಿಡದ ಇಳಿಜಾರಿಗೆ ಒಂದು ಚಾರಣಿಗರ ಗುಂಪು ಸಾಕು. ಜನರನ್ನು ಅರ್ಧಕ್ಕೆ ಇಳಿಸಿದರೆ ಹಾನಿಯೂ ಅರ್ಧವಾಗುತ್ತದೆ ಎಂಬ ನಂಬಿಕೆ ಇಲ್ಲಿಗೆ ಬಿದ್ದುಹೋಯಿತು. ಈ ವಿಧಾನಕ್ಕೂ ಮೊದಲೇ, 1985ರಲ್ಲಿ, ಅಮೆರಿಕದ ಅರಣ್ಯ ಸೇವೆಯ ಸಂಶೋಧಕರು ಪ್ರಶ್ನೆಯನ್ನೇ ತಿರುಗಿಸಿದರು: ಎಷ್ಟು ಜನ ಎಂದು ಕೇಳುವ ಬದಲು, ಎಷ್ಟು ಬದಲಾವಣೆಯನ್ನು ಒಪ್ಪಿಕೊಳ್ಳುತ್ತೇವೆ ಎಂದು ಮೊದಲೇ ನಿರ್ಧರಿಸಿ, ಅದನ್ನು ಅಳೆಯುತ್ತ ಹೋಗೋಣ ಎಂದರು.

ಪರಿಸರ ಪ್ರವಾಸೋದ್ಯಮದ ಚರ್ಚೆ ಶುರುವಾದದ್ದು ಬೇರೆ ಬಾಗಿಲಿನಿಂದ. 1976ರಲ್ಲಿ ಗೆರಾರ್ಡೊ ಬುಡೊವ್‌ಸ್ಕಿ, ಪ್ರವಾಸ ಮತ್ತು ಸಂರಕ್ಷಣೆ ಪರಸ್ಪರ ಹಗೆಗಳಾಗಿಯೇ ಇರಬೇಕಿಲ್ಲ, ಒಂದಕ್ಕೊಂದು ಆಸರೆಯಾಗಲೂ ಸಾಧ್ಯ ಎಂದು ವಾದಿಸಿದರು. 1983ರಲ್ಲಿ ಮೆಕ್ಸಿಕೊದ ವಾಸ್ತುಶಿಲ್ಪಿ ಹೆಕ್ಟರ್ ಸೆಬಾಯೊಸ್ ಲಾಸ್ಕುರೈನ್, ಯುಕಟಾನಿನ ಜೌಗು ಪ್ರದೇಶಗಳನ್ನು ಉಳಿಸುವ ಹೋರಾಟದಲ್ಲಿ ‘ಇಕೊಟೂರಿಸಂ’ ಎಂಬ ಹೆಸರನ್ನು ಬಳಕೆಗೆ ತಂದರು. ಹೆಸರು ಹಬ್ಬಿದ ವೇಗಕ್ಕೆ ಅಧ್ಯಯನ ಸಾಟಿಯಾಗಲಿಲ್ಲ. 2001ರಲ್ಲಿ ಡೇವಿಡ್ ಫೆನೆಲ್ ವಿಶ್ಲೇಷಿಸಲು ಕೂತಾಗ ಎದುರಿಗಿದ್ದದ್ದು 85 ವ್ಯಾಖ್ಯಾನಗಳು. ಮರುವರ್ಷ, 2002ನ್ನು ವಿಶ್ವಸಂಸ್ಥೆ ಪರಿಸರ ಪ್ರವಾಸೋದ್ಯಮ ವರ್ಷವೆಂದು ಆಚರಿಸಿತು. ವ್ಯಾಖ್ಯಾನ ಹೆಣೆಯಲು ಸುರಿದ ಶ್ರಮದಲ್ಲಿ ಅರ್ಧ ಭಾಗ ಹಣ ಯಾರ ಕೈಸೇರುತ್ತಿದೆ ಎಂದು ಪತ್ತೆಹಚ್ಚಲು ವಿನಿಯೋಗವಾಗಿದ್ದರೆ ಚೆನ್ನಿತ್ತು. ‘ಹಾನಿಯಿಲ್ಲದ ವಿಹಾರ’ ಎಂಬ ಭರವಸೆಯೂ ಹೆಚ್ಚು ದಿನ ಬಾಳಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ರೀಡ್ ಮತ್ತು ಮೆರೆನ್‌ಲೆಂಡರ್ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸದ್ದಿಲ್ಲದ ನಡಿಗೆಗೆ ತೆರೆದ ರಕ್ಷಿತ ಪ್ರದೇಶಗಳಲ್ಲಿ ಸ್ಥಳೀಯ ಮಾಂಸಾಹಾರಿ ಪ್ರಾಣಿಗಳ ಸಾಂದ್ರತೆ ಮುಚ್ಚಿದ ಪ್ರದೇಶಗಳಿಗಿಂತ ಐದು ಪಟ್ಟು ಕಡಿಮೆ ಕಂಡುಬಂತು.

ವಿಹಾರದ ಅಧ್ಯಯನ, ಪರಿಸರ ಪ್ರವಾಸೋದ್ಯಮದ ಚರ್ಚೆ ಇವೆರಡರ ಜೊತೆಗೆ ಮೂರನೆಯ ಧಾರೆ ಭೂಗೋಳಶಾಸ್ತ್ರದ್ದು. ಸಾಂಸ್ಕೃತಿಕ ಭೂದೃಶ್ಯದ ಬಗ್ಗೆ ಕಾರ್ಲ್ ಸೌರ್ ಬರೆದದ್ದು 1925ರಲ್ಲೇ: ಪ್ರಕೃತಿ ಮಾಧ್ಯಮ, ಸಂಸ್ಕೃತಿ ಕರ್ತೃ, ನಮ್ಮ ಕಣ್ಣಿಗೆ ಬೀಳುವ ನೆಲ ಅದರ ಫಲ. ವಿಹಾರ ಮತ್ತು ಪ್ರವಾಸವನ್ನು ಅಧ್ಯಯನ ಮಾಡಿದವರು ಇದನ್ನು ದಶಕಗಳ ಕಾಲ ಹೆಚ್ಚಾಗಿ ಗಮನಿಸಲೇ ಇಲ್ಲ. ಅಮೆರಿಕದ 1964ರ ವನ್ಯಪ್ರದೇಶ ಕಾಯ್ದೆಯಂತೂ ಮನುಷ್ಯ ಬಂದು ಹೋಗುವವನು, ನಿಲ್ಲುವವನಲ್ಲ ಎಂದೇ ಹೇಳಿತು. ಈ ಕಲ್ಪನೆ ಇತಿಹಾಸದ ಕೂಸು, ಮೂಲನಿವಾಸಿಗಳನ್ನು ಹೊರಹಾಕಿದ ಮೇಲೆ ಹುಟ್ಟಿದ್ದು ಎಂದು 1995ರಲ್ಲಿ ಇತಿಹಾಸಕಾರ ವಿಲಿಯಂ ಕ್ರೋನನ್ ಬರೆದಾಗ ಸಂರಕ್ಷಣಾವಾದಿಗಳಲ್ಲಿ ಹಲವರು ಕೆರಳಿದರು.

ಆ ಹೊತ್ತಿಗೆ ಯುನೆಸ್ಕೊ ಒಂದು ಹೆಜ್ಜೆ ಮುಂದಿತ್ತು. 1992ರಲ್ಲಿ ವಿಶ್ವ ಪರಂಪರೆ ಸಮಿತಿ ಸಾಂಸ್ಕೃತಿಕ ಭೂದೃಶ್ಯಗಳಿಗೂ ಪಟ್ಟಿಯಲ್ಲಿ ಜಾಗ ಮಾಡಿಕೊಟ್ಟಿತು. ಮರುವರ್ಷ ಆ ಮನ್ನಣೆ ಮೊದಲು ಸಂದದ್ದು ನ್ಯೂಜಿಲೆಂಡಿನ ಟೊಂಗಾರಿರೊಗೆ. 1990ರಲ್ಲಿ ಪ್ರಕೃತಿ ತಾಣವೆಂದಷ್ಟೇ ಪಟ್ಟಿ ಸೇರಿದ್ದ ಆ ಜ್ವಾಲಾಮುಖಿ ಪರ್ವತಗಳು ಮಾವೊರಿ ಜನರಿಗೆ ಪೂಜ್ಯವೂ ಹೌದು ಎಂಬುದು ಆಗ ದಾಖಲೆಗೆ ಬಂತು. ಆಸ್ಟ್ರೇಲಿಯಾದ ಉಲುರು ಬಂಡೆಯ ಕಥೆಯಲ್ಲಿ ಮೂರೂ ಧಾರೆಗಳು ಕೂಡಿದವು. 1985ರಲ್ಲಿ ಅದರ ಒಡೆತನ ಅಲ್ಲಿನ ಮೂಲನಿವಾಸಿಗಳಾದ ಅನಂಗು ಜನರಿಗೆ ಮರಳಿತು. ದಯವಿಟ್ಟು ಹತ್ತಬೇಡಿ ಎಂದು ಅವರು ಕೇಳಿಕೊಳ್ಳುತ್ತಿದ್ದರೂ ಸರಪಳಿ ಹಿಡಿದು ಹತ್ತುವವರು ಹತ್ತುತ್ತಲೇ ಇದ್ದರು. 2010ರ ನಿರ್ವಹಣಾ ಯೋಜನೆ ಹಾಕಿದ ಷರತ್ತುಗಳಲ್ಲಿ ಒಂದು, ಬಂದ ಪ್ರವಾಸಿಗರಲ್ಲಿ ಹತ್ತುವವರ ಪ್ರಮಾಣ ಶೇ. 20ಕ್ಕಿಂತ ಕೆಳಗಿಳಿದರೆ ಹತ್ತುವ ದಾರಿಯನ್ನು ಮುಚ್ಚಬಹುದು ಎಂಬುದು. ಪ್ರಮಾಣ ಇಳಿಯಿತು. ಅನಂಗು ಸದಸ್ಯರೇ ಬಹುಮತದಲ್ಲಿದ್ದ ಮಂಡಳಿ 2017ರಲ್ಲಿ ನಿರ್ಧಾರ ಕೈಗೊಂಡಿತು. 2019ರ ಅಕ್ಟೋಬರ್ 26ರಂದು ಹತ್ತುವುದು ನಿಂತಿತು. ಅಲ್ಲಿಯೂ ಲೆಕ್ಕವಿತ್ತು, ಆದರೆ ಅದು ಆ ಬಂಡೆಯ ಅರ್ಥ ತಿಳಿದವರ ಮಾತಿಗೆ ಒತ್ತಾಸೆಯಾಗಿ ಬಂದ ಲೆಕ್ಕ.

ಫಿಲಿಪ್ಪೀನ್ಸ್‌ನ ಇಫುಗಾವ್ ಮೆಟ್ಟಿಲುಗದ್ದೆಗಳಲ್ಲಿ ಈ ಪ್ರಶ್ನೆಗೆ ಇನ್ನೊಂದೇ ಮುಖ. 1995ರಲ್ಲಿ ವಿಶ್ವ ಪರಂಪರೆ ಪಟ್ಟಿ ಸೇರಿದ ಈ ಗದ್ದೆಗಳು 2001ರಲ್ಲಿ ಅಪಾಯದಂಚಿನ ಪಟ್ಟಿಗೆ ಬಿದ್ದವು. ಹೊರಬರಲು 2012ರವರೆಗೆ ಕಾಯಬೇಕಾಯಿತು. ಇಲ್ಲಿ ಪ್ರವಾಸಿಗರ ದಟ್ಟಣೆಗಿಂತ ಮೊದಲು ಕಾಡಿದ್ದು ಉಳುವವರ ಕೊರತೆ. ಕಟ್ಟೆ ಕುಸಿದಾಗ ಕೈಯಿಂದ ಮತ್ತೆ ಕಟ್ಟಬೇಕು, ಮೇಲಿನ ಕಾಡಿನಿಂದ ನೀರಿನ ಕಾಲುವೆ ಬಿಡಿಸಿಕೊಂಡು ಬರಬೇಕು. ಹರೆಯದವರು ಪಟ್ಟಣದ ಕೆಲಸಕ್ಕೋ ಪ್ರವಾಸಿಗರಿಗೆ ದಾರಿ ತೋರಿಸುವ ಕೆಲಸಕ್ಕೋ ಹೋದರೆ ಗದ್ದೆ ಬೀಳುಬೀಳುತ್ತದೆ. ಗದ್ದೆ ಬೀಳುಬಿದ್ದರೆ ತೋರಿಸಲು ದಾರಿಯ ಕೊನೆಯಲ್ಲಿ ಏನೂ ಇರುವುದಿಲ್ಲ. ಆದ್ದರಿಂದ ಇಂಥ ಕಡೆ ಅಧ್ಯಯನ ನಡೆಸುವವರು ಎಷ್ಟು ಜನ ಬಂದರು ಎಂಬುದರ ಜೊತೆಗೆ ಎಷ್ಟು ಮನೆಗಳು ಈ ವರ್ಷ ನಾಟಿ ಮಾಡಿದವು, ಪ್ರವಾಸಿಗರು ಬಿಟ್ಟುಹೋದ ಹಣದಲ್ಲಿ ಕಟ್ಟೆ ಕಟ್ಟಿದವರಿಗೆ ಸಿಕ್ಕಿದ್ದೆಷ್ಟು ಎಂಬುದನ್ನೂ ಕೇಳಬೇಕಾಗುತ್ತದೆ.