ಗೆಳತಿಗೆ ಲ್ಯಾಬಿನ ಲಾಗಿನ್ ಹಾಕಿಕೊಟ್ಟರೆ ತಪ್ಪೇನು?

ಪ್ರಶ್ನೆ: ನಾನು ಸ್ನಾತಕೋತ್ತರ ವಿದ್ಯಾರ್ಥಿನಿ. ವಿಭಾಗದ ಕಂಪ್ಯೂಟರ್ ಲ್ಯಾಬಿನಲ್ಲಿ ಗೆಳತಿಯ ಲಾಗಿನ್ ತೆರೆಯುತ್ತಿರಲಿಲ್ಲ. ನನ್ನದನ್ನು ಹಾಕಿಕೊಟ್ಟು ಊಟಕ್ಕೆ ಹೋದೆ. ಆಕೆ ಪ್ರಾಜೆಕ್ಟ್ ವರದಿ ಟೈಪ್ ಮಾಡಿದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ. ಆದರೂ ನನ್ನ ಖಾತೆಯನ್ನು ಎರಡು ವಾರ ತಡೆಹಿಡಿದಿದ್ದಾರೆ. ನನ್ನದೇ ಪಾಸ್‌ವರ್ಡನ್ನು ನಾನು ಕೊಟ್ಟರೆ ತಪ್ಪೇನು?

ಉತ್ತರ: ನಿಮ್ಮ ಪ್ರಶ್ನೆಯಲ್ಲಿರುವ ‘ನನ್ನದೇ’ ಎಂಬ ಪದದಿಂದಲೇ ಆರಂಭಿಸಬೇಕು. ಪಾಸ್‌ವರ್ಡ್ ಅನ್ನು ಆರಿಸಿಕೊಂಡವರು ನೀವಾದರೂ ಖಾತೆ ನಿಮ್ಮದಲ್ಲ. ಅದು ವಿಶ್ವವಿದ್ಯಾಲಯವು ನಿಮ್ಮ ಹೆಸರಿಗೆ ಕೊಟ್ಟ ಅನುಮತಿ. ವಿದ್ಯಾರ್ಥಿ ಬಸ್ ಪಾಸಿಗೆ ಹಣ ಕಟ್ಟಿದವರು ನೀವೇ ಆಗಿದ್ದರೂ ಅದನ್ನು ತೋರಿಸಿ ಗೆಳತಿ ಪ್ರಯಾಣ ಮಾಡುವಂತಿಲ್ಲವಷ್ಟೆ? ವ್ಯತ್ಯಾಸವೆಂದರೆ, ಪಾಸಿನ ಮೇಲಿನ ಫೋಟೊ ನೋಡಿ ಕಂಡಕ್ಟರು ಕೂಡಲೇ ಗುರುತಿಸುತ್ತಾರೆ. ಕಂಪ್ಯೂಟರಿಗೆ ಮುಖ ಕಾಣುವುದಿಲ್ಲ. ಯಾವ ಖಾತೆ, ಯಾವ ಯಂತ್ರ, ಎಷ್ಟು ಹೊತ್ತಿಗೆ ಎಂಬುದನ್ನಷ್ಟೇ ಅದು ದಾಖಲಿಸಿಕೊಳ್ಳುತ್ತದೆ. ಆ ಮಧ್ಯಾಹ್ನ ನಿಮ್ಮ ಖಾತೆಯಿಂದ ಹೋದ ಪ್ರತಿಯೊಂದು ಮೇಲ್, ಇಳಿಸಿಕೊಂಡ ಪ್ರತಿಯೊಂದು ಕಡತ, ತೆಗೆದ ಪ್ರತಿಯೊಂದು ಪ್ರಿಂಟ್ ನಿಮ್ಮ ಲೆಕ್ಕಕ್ಕೇ ಸೇರಿದೆ. ಗೆಳತಿ ಒಳ್ಳೆಯವಳೆಂಬುದು ನಿಮಗೆ ಗೊತ್ತು, ದಾಖಲೆಗೆ ಗೊತ್ತಿಲ್ಲ.

ಇಂಥ ದಾಖಲೆಗಳನ್ನು ಇಟ್ಟುಕೊಳ್ಳುವುದು ಲ್ಯಾಬಿನವರ ಅತ್ಯುತ್ಸಾಹವೂ ಅಲ್ಲ. ಸೈಬರ್ ಸುರಕ್ಷತೆಯನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸರ್ಕಾರಿ ಸಂಸ್ಥೆಗಳೂ ಸೇರಿದಂತೆ ಹಲವು ಬಗೆಯ ಸಂಸ್ಥೆಗಳು ತಮ್ಮ ಗಣಕ ವ್ಯವಸ್ಥೆಗಳ ಲಾಗ್‌ಗಳನ್ನು, ಅಂದರೆ ಬಳಕೆಯ ದಾಖಲೆಗಳನ್ನು, 180 ದಿನ ಕಾಪಾಡಬೇಕು. ತನಿಖೆ ಬಂದಾಗ ಮೊದಲು ತೆರೆಯುವ ಪುಸ್ತಕ ಅದೇ. ಒಂದು ಖಾತೆಯನ್ನು ಮೂವರು ಬಳಸಿದ್ದರೆ ಆ ಪುಸ್ತಕ ಓದಿಯೂ ಪ್ರಯೋಜನವಿಲ್ಲ.

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಹೊರಗಿನ ಜಗತ್ತಿಗೆ ನಿಮ್ಮ ಲ್ಯಾಬಿನ ಅರವತ್ತು ಕಂಪ್ಯೂಟರುಗಳು ಅರವತ್ತಾಗಿ ಕಾಣುವುದಿಲ್ಲ. ಸಾಮಾನ್ಯವಾಗಿ ಇಡೀ ಕ್ಯಾಂಪಸ್ಸು ಕೆಲವೇ ಐಪಿ ವಿಳಾಸಗಳ (ಅಂತರಜಾಲದಲ್ಲಿ ಸಂಪರ್ಕವನ್ನು ಗುರುತಿಸುವ ಸಂಖ್ಯೆಗಳ) ಹಿಂದೆ ಕುಳಿತಿರುತ್ತದೆ. ಸಂಶೋಧನಾ ಪತ್ರಿಕೆಗಳ ಪ್ರಕಾಶಕರು ಅನೇಕ ವೇಳೆ ಆ ವಿಳಾಸಗಳನ್ನು ನೋಡಿಯೇ ಬಾಗಿಲು ತೆರೆಯುತ್ತಾರೆ. ಯಾರೋ ಒಬ್ಬರು ಸಾವಿರಾರು ಲೇಖನಗಳನ್ನು ಒಮ್ಮೆಗೇ ಇಳಿಸಿಕೊಳ್ಳತೊಡಗಿದರೆ ಮುಚ್ಚುವುದು ಆ ಒಬ್ಬರ ಬಾಗಿಲಲ್ಲ, ಎಲ್ಲರದೂ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ನಡೆದದ್ದು ಹೀಗೆಯೇ. ಜ್ಞಾನ ಎಲ್ಲರಿಗೂ ಮುಕ್ತವಾಗಿರಬೇಕೆಂದು ಹೋರಾಡುತ್ತಿದ್ದ ಪ್ರೋಗ್ರಾಮರ್ ಆರನ್ ಸ್ವಾರ್ಟ್ಜ್ ಅಲ್ಲಿನ ಅತಿಥಿ ಜಾಲವನ್ನು ಬಳಸಿ ಸಂಶೋಧನಾ ಪತ್ರಿಕೆಗಳ ಆನ್‌ಲೈನ್ ಸಂಗ್ರಹವಾದ ಜೆಸ್ಟೋರ್‌ನಿಂದ ಲೇಖನಗಳನ್ನು ರಾಶಿರಾಶಿಯಾಗಿ ಇಳಿಸಿಕೊಂಡಾಗ, 2010ರ ಅಕ್ಟೋಬರಿನಲ್ಲಿ ಜೆಸ್ಟೋರ್ ಇಡೀ ಎಂಐಟಿಗೆ ಕೆಲವು ದಿನ ಪ್ರವೇಶವನ್ನೇ ನಿಲ್ಲಿಸಿತು. ಸ್ವಾರ್ಟ್ಜ್ ಅವರ ಉದ್ದೇಶದ ಬಗ್ಗೆ ಇಂದಿಗೂ ಚರ್ಚೆಯಿದೆ, ನನಗೂ ಅವರ ಬಗ್ಗೆ ಸಹಾನುಭೂತಿಯಿದೆ. ಆದರೆ ಆ ವಾರ ಪ್ರಬಂಧ ಬರೆಯುತ್ತಿದ್ದವರಿಗೆ ಅದರಿಂದ ಸಮಾಧಾನವಾಗಿರಲಾರದು. ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆಯಡಿ 2025ರ ಜನವರಿಯಿಂದ ನಮ್ಮ ಸರ್ಕಾರಿ ವಿಶ್ವವಿದ್ಯಾಲಯಗಳಿಗೂ ಸುಮಾರು 13,000 ಪತ್ರಿಕೆಗಳು ತೆರೆದಿರುವುದರಿಂದ ಈ ಎಚ್ಚರ ಇಲ್ಲಿಗೂ ಬೇಕು.

ಅಂದಹಾಗೆ, ಕಂಪ್ಯೂಟರಿನ ಪಾಸ್‌ವರ್ಡ್ ಬಳಕೆಗೆ ಬಂದದ್ದೇ ಹಂಚಿಕೊಂಡು ಬಳಸುವ ವಿಶ್ವವಿದ್ಯಾಲಯದ ಯಂತ್ರದಿಂದ. 1960ರ ದಶಕದ ಆರಂಭದಲ್ಲಿ ಎಂಐಟಿಯ ಫರ್ನಾಂಡೊ ಕೊರ್ಬಾಟೊ ಮತ್ತು ಅವರ ತಂಡ ರೂಪಿಸಿದ ಸಿಟಿಎಸ್‌ಎಸ್ ವ್ಯವಸ್ಥೆಯಲ್ಲಿ ಹಲವರು ಒಂದೇ ಕಂಪ್ಯೂಟರನ್ನು ಬಳಸುತ್ತಿದ್ದರು. ಅವರವರ ಕಡತಗಳನ್ನು ಬೇರೆಯಾಗಿಡಲು ಪಾಸ್‌ವರ್ಡ್ ಬೇಕಾಯಿತು. 1962ರಲ್ಲಿ ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿ, ವಾರಕ್ಕೆ ತನಗೆ ಸಿಗುತ್ತಿದ್ದ ನಾಲ್ಕು ಗಂಟೆ ಸಾಲದೆ, ಎಲ್ಲರ ಪಾಸ್‌ವರ್ಡುಗಳಿದ್ದ ಕಡತವನ್ನೇ ಮುದ್ರಿಸಿಕೊಂಡು ಇತರರ ಖಾತೆಗಳಲ್ಲಿ ಕೆಲಸ ಮುಂದುವರಿಸಿದ. ಅದನ್ನು ಒಪ್ಪಿಕೊಂಡದ್ದು ದಶಕಗಳ ನಂತರ. ಲ್ಯಾಬಿನಲ್ಲಿ ಇನ್ನೊಬ್ಬರ ಲಾಗಿನ್ ಬಳಸುವ ಅಭ್ಯಾಸಕ್ಕೆ ಪಾಸ್‌ವರ್ಡಿನಷ್ಟೇ ವಯಸ್ಸಾಗಿದೆಯೆನ್ನಬಹುದು.

ಕಾನೂನಿನ ಮಾತಿಗೆ ಬರೋಣ. ಇನ್ನೊಬ್ಬರ ಪಾಸ್‌ವರ್ಡನ್ನು ವಂಚನೆಯಿಂದ ಅಥವಾ ಅಪ್ರಾಮಾಣಿಕವಾಗಿ ಬಳಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಡಿ ಮೂರು ವರ್ಷದವರೆಗೆ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ. ನಿಮ್ಮ ಗೆಳತಿ ವಂಚಿಸಲಿಲ್ಲ, ಹಾಗಾಗಿ ಅದು ಇಲ್ಲಿಗೆ ಅನ್ವಯಿಸುವಂತೆ ಕಾಣುವುದಿಲ್ಲ. ಆದರೆ ಅದೇ ಕಾಯ್ದೆಯ 43ನೇ ಕಲಮು, ಕಂಪ್ಯೂಟರಿನ ಮಾಲೀಕರ ಅಥವಾ ಅದರ ಉಸ್ತುವಾರಿ ಹೊತ್ತವರ ಅನುಮತಿಯಿಲ್ಲದೆ ಪ್ರವೇಶಿಸುವುದನ್ನು ಕುರಿತು ಮಾತನಾಡುತ್ತದೆ. ಗಮನಿಸಿ, ಅಲ್ಲಿ ಕೇಳುವುದು ಖಾತೆದಾರರ ಅನುಮತಿಯನ್ನಲ್ಲ. ಊಟಕ್ಕೆ ಹೊರಡುವ ಮುನ್ನ ನೀವು ಕೊಟ್ಟ ಒಪ್ಪಿಗೆ ನಿಮ್ಮ ಕೈಯಲ್ಲಿ ಇಲ್ಲದ್ದಾಗಿತ್ತು.

ಹಾಗೆಂದು ಎರಡು ವಾರದ ತಡೆಯೂ ಸರಿಯೆಂದು ನಾನು ಹೇಳಲಾರೆ. ನಮ್ಮ ಅನೇಕ ಲ್ಯಾಬುಗಳ ಬಾಗಿಲಲ್ಲಿ ಚಪ್ಪಲಿ ಹೊರಗೆ ಬಿಡಬೇಕೆಂಬುದನ್ನು ದಪ್ಪ ಅಕ್ಷರಗಳಲ್ಲಿ ಬರೆದಿರುತ್ತಾರೆ. ಪಾಸ್‌ವರ್ಡಿನ ವಿಚಾರ ಪ್ರವೇಶದ ದಿನ ಓದದೆ ಸಹಿ ಹಾಕಿದ ಅರ್ಜಿಯ ಯಾವುದೋ ಸಾಲಿನಲ್ಲಿರುತ್ತದೆ. ನಿಯಮದಲ್ಲಿ ಶಿಕ್ಷೆಯ ಅವಧಿ ನಮೂದಾಗಿದೆಯೇ, ತಡೆಹಿಡಿಯುವ ಮುನ್ನ ನಿಮ್ಮನ್ನು ವಿಚಾರಿಸಿದರೇ ಎಂಬುದನ್ನು ವಿಭಾಗದ ಮುಖ್ಯಸ್ಥರಿಗೆ ಲಿಖಿತವಾಗಿ ಕೇಳಬಹುದು. ಆ ಹೊತ್ತಿನ ಲಾಗನ್ನು ತೋರಿಸಬೇಕೆಂದು ಕೋರಬಹುದು. ವರದಿ ಟೈಪ್ ಮಾಡಿದ್ದಷ್ಟೇ ನಿಜವಾದರೆ ಅದು ನಿಮ್ಮ ಪರವಾಗಿಯೇ ನುಡಿಯುತ್ತದೆ. ಗೆಳತಿಯ ಲಾಗಿನ್ ಏಕೆ ತೆರೆಯಲಿಲ್ಲ, ಅಂಥವರಿಗೆ ಆ ದಿನದ ಮಟ್ಟಿಗೆ ತಾತ್ಕಾಲಿಕ ಖಾತೆ ಕೊಡುವ ವ್ಯವಸ್ಥೆ ಏಕಿಲ್ಲ ಎಂಬ ಪ್ರಶ್ನೆಯನ್ನೂ ಅದೇ ಪತ್ರದಲ್ಲಿ ಸೇರಿಸಿ. ದಾರಿಯನ್ನು ಕೊಡದೆ ನಿಯಮವನ್ನಷ್ಟೇ ಕೊಟ್ಟ ಲ್ಯಾಬಿನಲ್ಲಿ ಇದು ಮತ್ತೆ ನಡೆಯುತ್ತದೆ.

ಈಗ ಮಾಡಬೇಕಾದ ಕೆಲಸ ಮಾತ್ರ ಬೇರೆ. ಗೆಳತಿಗೆ ಪಾಸ್‌ವರ್ಡ್ ಹೇಳಿದ್ದಿದ್ದರೆ, ತಡೆ ತೆರವಾದ ಕೂಡಲೇ ಬದಲಿಸಿ. ಎಷ್ಟೋ ಕ್ಯಾಂಪಸ್ಸುಗಳಲ್ಲಿ ಲ್ಯಾಬ್, ಮೇಲ್, ಪರೀಕ್ಷೆಯ ಪೋರ್ಟಲ್ ಎಲ್ಲಕ್ಕೂ ಒಂದೇ ಪಾಸ್‌ವರ್ಡ್ ಇರುವುದರಿಂದ ನೀವು ಕೊಟ್ಟದ್ದು ಒಂದು ಬಾಗಿಲಿನ ಕೀಲಿಯಾಗಿರದೆ ಇಡೀ ಗೊಂಚಲೇ ಆಗಿರಬಹುದು. ಬ್ರೌಸರಿನಲ್ಲಿ ಅದು ಉಳಿದುಕೊಂಡಿದ್ದರೆ ಅಳಿಸಿ. ಇನ್ನು ಮುಂದೆ ಐದು ನಿಮಿಷಕ್ಕೆ ಎದ್ದರೂ ವಿಂಡೋಸ್ ಕೀಲಿಯ ಜೊತೆ ಎಲ್ ಒತ್ತಿ ಪರದೆಯನ್ನು ಬೀಗ ಹಾಕಿ. ಊಟಕ್ಕೆ ಹೋಗುವುದಾದರೆ ಲಾಗ್‌ಔಟ್ ಆಗಿಯೇ ಹೋಗಿ, ಬೀಗ ಹಾಕಿದ ಯಂತ್ರದ ಮುಂದೆ ಇನ್ನೊಬ್ಬರು ಕಾಯುತ್ತಾ ನಿಂತಿರುತ್ತಾರೆ.