ವಿಶ್ವವಿದ್ಯಾಲಯ ಕಳಿಸಿದ ತೆರಿಗೆ ಫಾರಂ ಓದುವ ಮೊದಲು

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಓದುವ, ಕೆಲಸ ಮಾಡುವ ನಮ್ಮವರಿಗೆ ಜನವರಿಯಿಂದ ಮಾರ್ಚ್ ಒಳಗೆ ಎರಡು ಮೂರು ತೆರಿಗೆ ಫಾರಂಗಳು ಬರುತ್ತವೆ. ಅವನ್ನು ಹಿಡಿದುಕೊಂಡು ಬಂದವರು ನನಗೆ ಕೇಳುವ ಮೊದಲ ಪ್ರಶ್ನೆ, "ಇದರಲ್ಲಿ ಎಷ್ಟು ವಾಪಸ್ ಬರುತ್ತೆ?" ನಾನು ಕೇಳುವ ಮೊದಲ ಪ್ರಶ್ನೆ ಬೇರೆ. "ನೀವು ಯಾವ ವರ್ಷ ಬಂದಿರಿ? ಯಾವ ವೀಸಾದಲ್ಲಿ?" ಇದಕ್ಕೆ ಉತ್ತರ ಸಿಗುವವರೆಗೂ ಫಾರಂ ನೋಡಿ ಉಪಯೋಗವಿಲ್ಲ. ಒಂದೇ ಫಾರಂ ಒಬ್ಬರಿಗೆ 2,500 ಡಾಲರ್ ತಂದುಕೊಡಬಹುದು, ಪಕ್ಕದ ಮೇಜಿನವರಿಗೆ ಒಂದು ಪೈಸೆಯೂ ಇಲ್ಲದಿರಬಹುದು.

ವೀಸಾ ಲೆಕ್ಕ ಹೀಗಿದೆ. ಎಫ್-1 ವಿದ್ಯಾರ್ಥಿ ಮೊದಲ ಐದು ಕ್ಯಾಲೆಂಡರ್ ವರ್ಷ ಸಾಮಾನ್ಯವಾಗಿ ತೆರಿಗೆಯ ಮಟ್ಟಿಗೆ ನಾನ್‌ರೆಸಿಡೆಂಟ್, ಅಂದರೆ ಅಮೆರಿಕದ ನಿವಾಸಿಯಲ್ಲ. ಇಲ್ಲಿ ವರ್ಷ ಅಂದರೆ ಹನ್ನೆರಡು ತಿಂಗಳಲ್ಲ. ಡಿಸೆಂಬರ್ 28ಕ್ಕೆ ವಿಮಾನ ಇಳಿದರೂ ಆ ವರ್ಷ ಒಂದು ಪೂರ್ತಿ ವರ್ಷವೇ. 2021ರ ಆಗಸ್ಟ್‌ನಲ್ಲಿ ಬಂದವರಿಗೆ 2021ರಿಂದ 2025ರವರೆಗೆ ಐದು ಮುಗಿಯಿತು. 2026ರಿಂದ ಅವರು ಇಲ್ಲಿದ್ದ ದಿನಗಳನ್ನು ಎಣಿಸಲು ಶುರುಮಾಡಬೇಕು. ವರ್ಷದ ಬಹುಪಾಲು ಇಲ್ಲೇ ಇದ್ದರೆ ರೆಸಿಡೆಂಟ್ ಆಗುತ್ತಾರೆ. ಜೆ-1 ವಿನಿಮಯ ವೀಸಾದಲ್ಲಿ ಬಂದ ಸಂಶೋಧಕರಿಗೆ ದಿನ ಎಣಿಸದಿರುವ ಈ ರಿಯಾಯಿತಿ ಸಾಮಾನ್ಯವಾಗಿ ಎರಡೇ ಕ್ಯಾಲೆಂಡರ್ ವರ್ಷ. ಎಚ್-1ಬಿ ಕೆಲಸದ ವೀಸಾದವರಿಗೆ ಇಂಥ ರಿಯಾಯಿತಿಯೇ ಇಲ್ಲ, ಮೊದಲ ದಿನದಿಂದಲೇ ಎಣಿಕೆ. ನಾನ್‌ರೆಸಿಡೆಂಟ್ ಆದವರು 1040-ಎನ್‌ಆರ್ ಅನ್ನುವ ರಿಟರ್ನ್ ಫಾರಂ ಸಲ್ಲಿಸಬೇಕು, ರೆಸಿಡೆಂಟ್ ಆದವರು 1040. ಗೆಳೆಯರು ಹೇಳಿದರು ಅಂತ ಟರ್ಬೋಟ್ಯಾಕ್ಸ್ ಸಾಫ್ಟ್‌ವೇರ್‌ನಲ್ಲಿ ಕೂತು ರಿಟರ್ನ್ ತುಂಬುವ ಎಫ್-1 ಹುಡುಗರು ಪ್ರತಿ ವರ್ಷ ಸಿಗುತ್ತಾರೆ. ಅದರಲ್ಲಿ 1040-ಎನ್‌ಆರ್ ಇಲ್ಲವೇ ಇಲ್ಲ. ಎಷ್ಟೋ ವಿಶ್ವವಿದ್ಯಾಲಯಗಳು ಅದು ಇರುವ ಸ್ಪ್ರಿಂಟ್ಯಾಕ್ಸ್ ಅಥವಾ ಗ್ಲೇಷಿಯರ್ ಟ್ಯಾಕ್ಸ್ ಪ್ರೆಪ್ ಬಳಸಲು ಕೋಡ್ ಕೊಡುತ್ತವೆ. ಇಂಟರ್‌ನ್ಯಾಷನಲ್ ಆಫೀಸಿನ ಇಮೇಲ್‌ಗಳನ್ನು ಓದದೇ ಡಿಲೀಟ್ ಮಾಡುವ ಅಭ್ಯಾಸವಿದ್ದರೆ ಫೆಬ್ರವರಿಯಲ್ಲಿ ಮಾತ್ರ ಬಿಡಿ.

ಈಗ ಡಬ್ಲ್ಯು-2, ಅಂದರೆ ವರ್ಷದ ಸಂಬಳದ ಲೆಕ್ಕಪತ್ರ. ಸಂಬಳ ಕೊಟ್ಟ ಪ್ರತಿ ಸಂಸ್ಥೆಯೂ ಇದನ್ನು ಜನವರಿ 31ರೊಳಗೆ ಕೊಡಬೇಕು. ಬಾಕ್ಸ್ 1ರಲ್ಲಿ ಫೆಡರಲ್ ತೆರಿಗೆಗೆ ಒಳಪಡುವ ಸಂಬಳ, ಬಾಕ್ಸ್ 2ರಲ್ಲಿ ಈಗಾಗಲೇ ಹಿಡಿದಿಟ್ಟ ಫೆಡರಲ್ ತೆರಿಗೆ. "ನನ್ನ ಆಫರ್ ಲೆಟರ್‌ನಲ್ಲಿ ಇದ್ದ ಮೊತ್ತಕ್ಕೂ ಇದಕ್ಕೂ ತಾಳೆಯಾಗ್ತಿಲ್ಲ" ಅನ್ನುವ ದೂರು ಜಾಸ್ತಿ. ಹೆಚ್ಚಿನ ಸಲ ತಪ್ಪೇನೂ ಆಗಿರುವುದಿಲ್ಲ. ಡಿಸೆಂಬರ್ ಕೊನೆಯ ವಾರಗಳ ಕೆಲಸಕ್ಕೆ ಸಂಬಳ ಜನವರಿಯಲ್ಲಿ ಬಂದಿದ್ದರೆ ಅದು ಮುಂದಿನ ವರ್ಷದ ಡಬ್ಲ್ಯು-2ಗೆ ಹೋಗುತ್ತದೆ. ಖಾಯಂ ನೌಕರರು ನಿವೃತ್ತಿಗಾಗಿ 403(ಬಿ)ಗೆ ಹಾಕಿದ ಹಣ ಬಾಕ್ಸ್ 1ರಿಂದ ಕಳೆದಿರುತ್ತದೆ, ಆದರೆ ಸೋಷಿಯಲ್ ಸೆಕ್ಯೂರಿಟಿಯ (ಸರ್ಕಾರಿ ಪಿಂಚಣಿ) ಬಾಕ್ಸ್ 3ರಲ್ಲೂ ಮೆಡಿಕೇರ್‌ನ (ವಯಸ್ಸಾದವರ ಸರ್ಕಾರಿ ಆರೋಗ್ಯ ವಿಮೆ) ಬಾಕ್ಸ್ 5ರಲ್ಲೂ ಕಳೆದಿರುವುದಿಲ್ಲ. ಹಾಗಾಗಿ ಬಾಕ್ಸ್ 1ರ ಅಂಕಿ ಉಳಿದೆರಡಕ್ಕಿಂತ ಕಡಿಮೆ ಕಂಡರೆ ಗಾಬರಿ ಬೇಡ. ಬಾಕ್ಸ್ 12ರಲ್ಲಿ ಡಿಡಿ ಅಂತ ಬರೆದು ದೊಡ್ಡ ಮೊತ್ತ ಇದ್ದರೆ ಅದು ಆರೋಗ್ಯ ವಿಮೆಯ ಒಟ್ಟು ಖರ್ಚು. ಮಾಹಿತಿಗೆ ಮಾತ್ರ, ತೆರಿಗೆ ಇಲ್ಲ.

ವಿದ್ಯಾರ್ಥಿಗಳು ನಿಜವಾಗಿ ನೋಡಬೇಕಾದ್ದು ಬಾಕ್ಸ್ 4 ಮತ್ತು 6. ಅಲ್ಲಿರುವುದು ಸಂಬಳದಿಂದ ಹಿಡಿದ ತೆರಿಗೆ: ಸೋಷಿಯಲ್ ಸೆಕ್ಯೂರಿಟಿಗೆ 6.2 ಪರ್ಸೆಂಟ್, ಮೆಡಿಕೇರ್‌ಗೆ 1.45. ಎರಡೂ ಸೇರಿ 7.65. ನಾನ್‌ರೆಸಿಡೆಂಟ್ ಆಗಿರುವ ಎಫ್-1 ವಿದ್ಯಾರ್ಥಿ ತನ್ನ ವೀಸಾ ಒಪ್ಪುವ ಕೆಲಸದಿಂದ ಪಡೆದ ಸಂಬಳದ ಮೇಲೆ ಇವೆರಡನ್ನೂ ಕಟ್ಟಬೇಕಿಲ್ಲ. ಆ ಬಾಕ್ಸ್‌ಗಳು ಖಾಲಿ ಇರಬೇಕು. ವಿಶ್ವವಿದ್ಯಾಲಯದ ಪೇರೋಲ್‌ಗೆ ಇದು ಗೊತ್ತಿರುತ್ತದೆ. ಎಡವಟ್ಟಾಗುವುದು ಓಪಿಟಿಯಲ್ಲಿ (ಎಫ್-1ರಲ್ಲೇ ಓದಿಗೆ ಸಂಬಂಧಿಸಿದ ಕೆಲಸ ಮಾಡುವ ಅನುಮತಿ) ಹೊರಗಿನ ಕಂಪನಿ ಸೇರಿದಾಗ. ಅಲ್ಲಿನವರು ಎಲ್ಲರಿಗೂ ಹಿಡಿದಂತೆ ಇವರಿಗೂ ಹಿಡಿದುಬಿಡುತ್ತಾರೆ. ಮೊದಲು ಆ ಕಂಪನಿಯನ್ನೇ ವಾಪಸ್ ಕೇಳಬೇಕು. ಅವರು ಒಪ್ಪದಿದ್ದರೆ ಫಾರಂ 843 ಮತ್ತು ಅದರ ಜೊತೆ 8316 ತುಂಬಿ ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್‌ಗೆ ಕಳಿಸಬೇಕು. ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಆದರೂ ವರ್ಷಕ್ಕೆ 80,000 ಡಾಲರ್ ಸಂಬಳದವರಿಗೆ 6,120 ಡಾಲರ್ ಅಂದರೆ ಸುಮ್ನೆ ಬಿಡುವ ಹಣವಲ್ಲ ಅಲ್ವಾ?

ಭಾರತದ ವಿದ್ಯಾರ್ಥಿಗಳಿಗೆ ಮಾತ್ರ ಸಿಗುವ ಒಂದು ಅನುಕೂಲವಿದೆ. ಡಬ್ಲ್ಯು-2 ನೋಡಿದರೆ ಅದು ಕಾಣುವುದಿಲ್ಲ. ನಾನ್‌ರೆಸಿಡೆಂಟ್‌ಗಳಿಗೆ ಸಾಮಾನ್ಯವಾಗಿ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ತೆರಿಗೆ ಹಾಕುವ ಮೊದಲು ಆದಾಯದಿಂದ ಕಳೆಯುವ ನಿಗದಿತ ಮೊತ್ತ, ಇಲ್ಲ. ಆದರೆ ಭಾರತ ಮತ್ತು ಅಮೆರಿಕದ ನಡುವಿನ ತೆರಿಗೆ ಒಪ್ಪಂದದ 21ನೇ ವಿಧಿಯ ಎರಡನೇ ಭಾಗ ಭಾರತದಿಂದ ಓದಲು ಬಂದವರಿಗೆ ಅದನ್ನು ಕೊಡುತ್ತದೆ. 2025ರ ಆದಾಯಕ್ಕೆ ಒಂಟಿ ವ್ಯಕ್ತಿಗೆ 15,750 ಡಾಲರ್. ಟೀಚಿಂಗ್ ಅಸಿಸ್ಟೆಂಟ್ ಒಬ್ಬರ ಬಾಕ್ಸ್ 1ರಲ್ಲಿ 24,000 ಇದೆ ಅಂದುಕೊಳ್ಳಿ. ಒಪ್ಪಂದ ಬಳಸಿದರೆ ತೆರಿಗೆ ಬೀಳುವುದು 8,250ಕ್ಕೆ ಮಾತ್ರ. ಫೆಡರಲ್ ತೆರಿಗೆ ಸುಮಾರು 825 ಡಾಲರ್. ಬಳಸದೇ, ಬೇರೆ ಕಡಿತವೂ ಇಲ್ಲದೇ ಹಾಗೇ ಲೆಕ್ಕ ಹಾಕಿದರೆ ಸುಮಾರು 2,640. ಎರಡು ತಿಂಗಳ ಬಾಡಿಗೆಯಷ್ಟು ವ್ಯತ್ಯಾಸ. ಇದನ್ನು ರಿಟರ್ನ್‌ನಲ್ಲಿ ನೀವೇ ಕೇಳಬೇಕು, ತಾನಾಗಿ ಸಿಗುವುದಿಲ್ಲ. ಕೆಲಸಕ್ಕೆ ಸೇರುವಾಗ ಎಷ್ಟು ತೆರಿಗೆ ಹಿಡಿಯಬೇಕು ಅಂತ ತಿಳಿಸುವ ಡಬ್ಲ್ಯು-4 ತುಂಬುವ ಹೊತ್ತಲ್ಲೇ ಹೇಳಿದರೆ ತಿಂಗಳ ಸಂಬಳದಿಂದ ಹಿಡಿಯುವ ತೆರಿಗೆಯೂ ಕಡಿಮೆಯಾಗುತ್ತದೆ.

ಇದೇ ಕಾರಣಕ್ಕೆ ಇನ್ನೊಂದು ಪ್ರಶ್ನೆಗೂ ಉತ್ತರ ಸಿಗುತ್ತದೆ. "ಲ್ಯಾಬಿನಲ್ಲಿರುವ ಚೀನಾದ ಗೆಳೆಯನಿಗೆ 1042-ಎಸ್ ಬಂದಿದೆ, ನನಗೆ ಯಾಕೆ ಬಂದಿಲ್ಲ?" ಚೀನಾದ ಒಪ್ಪಂದದಲ್ಲಿ ವಿದ್ಯಾರ್ಥಿಯ ಸಂಬಳದಲ್ಲಿ ವರ್ಷಕ್ಕೆ 5,000 ಡಾಲರ್‌ಗೆ ತೆರಿಗೆ ಇಲ್ಲ. ಆ 5,000 ಡಬ್ಲ್ಯು-2ಗೆ ಹೋಗದೇ, ವಿದೇಶಿಯರ ಇಂಥ ಆದಾಯ ತೋರಿಸುವ 1042-ಎಸ್‌ಗೆ ಹೋಗುತ್ತದೆ. ನಮ್ಮ ಒಪ್ಪಂದದ ದಾರಿ ಬೇರೆ. ಹಾಗಾಗಿ ಬರೀ ಅಸಿಸ್ಟೆಂಟ್‌ಶಿಪ್ ಇರುವ ಭಾರತದ ವಿದ್ಯಾರ್ಥಿಗೆ ಬರುವುದು ಡಬ್ಲ್ಯು-2 ಒಂದೇ.

ನಮ್ಮವರಿಗೆ 1042-ಎಸ್ ಬರುವುದು ಮುಖ್ಯವಾಗಿ ಎರಡು ಸಂದರ್ಭದಲ್ಲಿ. ಒಂದು, ಸ್ಕಾಲರ್‌ಶಿಪ್ ಅಥವಾ ಫೆಲೋಶಿಪ್. ಟ್ಯೂಷನ್ ಫೀ, ಕಡ್ಡಾಯ ಶುಲ್ಕ, ಕೋರ್ಸಿಗೆ ಬೇಕೇಬೇಕಾದ ಪುಸ್ತಕ ಮತ್ತು ಸಾಮಾನು, ಇವಕ್ಕೆ ಹೋದ ಹಣಕ್ಕೆ ಡಿಗ್ರಿ ವಿದ್ಯಾರ್ಥಿಗೆ ತೆರಿಗೆ ಇಲ್ಲ. ಹಾಸ್ಟೆಲ್, ಊಟ, ಪ್ರಯಾಣಕ್ಕೆ ಕೊಟ್ಟಿದ್ದಕ್ಕೆ ತೆರಿಗೆ ಇದೆ. ಎಫ್ ಮತ್ತು ಜೆ ವೀಸಾದವರ ಈ ಭಾಗದಿಂದ ವಿಶ್ವವಿದ್ಯಾಲಯ 14 ಪರ್ಸೆಂಟ್ ಹಿಡಿಯುತ್ತದೆ. ಬಾಕ್ಸ್ 1ರಲ್ಲಿ ಆದಾಯದ ಕೋಡ್ 16 ಅಂತ ಇದ್ದರೆ ಇದೇ. ಹಣ ಕೈಗೆ ಬರದೇ ನೇರ ಹಾಸ್ಟೆಲ್ ಲೆಕ್ಕಕ್ಕೆ ಜಮಾ ಆಗಿದ್ದರೆ, ಹಿಡಿಯಬೇಕಾದ ತೆರಿಗೆಯನ್ನು ವಿದ್ಯಾರ್ಥಿಯ ಖಾತೆಗೆ ಬಾಕಿಯಾಗಿ ಹಾಕುವುದುಂಟು. ಅದನ್ನು ನೋಡಿ ದಂಡ ಅಂತ ತಿಳಿದುಕೊಂಡವರಿದ್ದಾರೆ. ಪದವಿ ವಿದ್ಯಾರ್ಥಿಗೆ ಬೇರೆ ಆದಾಯ ಇಲ್ಲದಿದ್ದರೆ ಆಗಲೇ ಹೇಳಿದ 15,750ರ ಕಡಿತದಲ್ಲಿ ಈ ಮೊತ್ತ ಪೂರ್ತಿ ಮುಗಿದುಹೋಗಿ, ಹಿಡಿದಿದ್ದೆಲ್ಲ ವಾಪಸ್ ಬರುವ ಸಾಧ್ಯತೆ ಚೆನ್ನಾಗಿದೆ. ರಿಟರ್ನ್ ಹಾಕಿದರೆ ಮಾತ್ರ!

ಇನ್ನೊಂದು ಸಂದರ್ಭ ಜೆ-1 ಪೋಸ್ಟ್‌ಡಾಕ್‌ಗಳದು, ಅಂದರೆ ಪಿಎಚ್‌ಡಿ ಮುಗಿಸಿ ಸಂಶೋಧನೆಗೆ ಬಂದವರದು. ಇಲ್ಲಿ ನಾನು ಎಲ್ಲರನ್ನೂ ತಡೆದು ನಿಲ್ಲಿಸುತ್ತೇನೆ. ಒಪ್ಪಂದದ 22ನೇ ವಿಧಿಯಲ್ಲಿ ಪಾಠ ಮಾಡಲು ಅಥವಾ ಸಂಶೋಧನೆಗೆ ಬಂದವರ ಸಂಬಳಕ್ಕೆ ಎರಡು ವರ್ಷ ತೆರಿಗೆ ಇಲ್ಲ. ಈ ರಿಯಾಯಿತಿ ಕೇಳುವ ಫಾರಂ 8233 ಕೊಟ್ಟರೆ ಪೇರೋಲ್‌ನವರು ಫೆಡರಲ್ ತೆರಿಗೆ ಹಿಡಿಯುವುದನ್ನು ನಿಲ್ಲಿಸುತ್ತಾರೆ, ವರ್ಷದ ಕೊನೆಗೆ ಸಂಬಳ ಕೋಡ್ 19ರಡಿ 1042-ಎಸ್‌ನಲ್ಲಿ ಬರುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಭಾರತದ ಒಪ್ಪಂದದಲ್ಲಿ ಒಂದು ಕೊಕ್ಕೆ ಇದೆ. ಇಲ್ಲಿನ ವಾಸ ಎರಡು ವರ್ಷ ದಾಟಿದರೆ, ಎರಡೂ ದೇಶದ ಅಧಿಕಾರಿಗಳು ಬೇರೆ ತೀರ್ಮಾನ ಮಾಡದ ಹೊರತು, ರಿಯಾಯಿತಿ ಮೊದಲ ದಿನದಿಂದಲೇ ರದ್ದು. ಆಗ ಹಿಂದಿನ ವರ್ಷಗಳ ರಿಟರ್ನ್ ತಿದ್ದಿ, ಬಡ್ಡಿ ಸಮೇತ ತೆರಿಗೆ ಕಟ್ಟಬೇಕು. ಪೋಸ್ಟ್‌ಡಾಕ್ ಎರಡೇ ವರ್ಷಕ್ಕೆ ಮುಗಿಯುವುದು ಎಷ್ಟು ಅಪರೂಪ ಅಂತ ಅದನ್ನು ಮಾಡಿದವರಿಗೆ ಗೊತ್ತು. ವಾಪಸ್ ಹೋಗುವ ತಾರೀಖು ಗಟ್ಟಿ ಇಲ್ಲದಿದ್ದರೆ ಈ ರಿಯಾಯಿತಿ ಮುಟ್ಟಬೇಡಿ ಅನ್ನುವುದು ನನ್ನ ಸಲಹೆ. ಮುಟ್ಟಿದ್ದೇ ಆದರೆ ಉಳಿದ ತೆರಿಗೆ ಹಣವನ್ನು ಬೇರೆ ಖಾತೆಯಲ್ಲಿ ತೆಗೆದಿಡಿ, ಖರ್ಚು ಮಾಡಬೇಡಿ. ಕ್ಯಾಲಿಫೋರ್ನಿಯಾದಂಥ ರಾಜ್ಯ ಈ ಒಪ್ಪಂದವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಅಲ್ಲಿ ರಾಜ್ಯದ ತೆರಿಗೆ ಹೇಗೂ ಕಟ್ಟಬೇಕು.

1098-ಟಿ ಅತಿ ಹೆಚ್ಚು ಆಸೆ ಹುಟ್ಟಿಸುವ ಫಾರಂ. ಬಾಕ್ಸ್ 1ರಲ್ಲಿ ಆ ವರ್ಷ ವಿಶ್ವವಿದ್ಯಾಲಯಕ್ಕೆ ಸಂದಾಯವಾದ ಟ್ಯೂಷನ್, ಬಾಕ್ಸ್ 5ರಲ್ಲಿ ಸ್ಕಾಲರ್‌ಶಿಪ್. ಇದನ್ನು ತೋರಿಸಿ ಓದಿನ ಖರ್ಚಿಗೆ ತೆರಿಗೆ ಇಳಿಸುವ ಅಮೆರಿಕನ್ ಆಪರ್ಚುನಿಟಿ ಕ್ರೆಡಿಟ್ ಅಡಿ 2,500 ಡಾಲರ್‌ವರೆಗೆ ಪಡೆಯಬಹುದು ಅಂತ ಯಾರೋ ಹೇಳಿರುತ್ತಾರೆ. ಮಾತು ಸುಳ್ಳಲ್ಲ. ಆದರೆ ಅದು ರೆಸಿಡೆಂಟ್‌ಗಳಿಗೆ, ಅದೂ ಪದವಿಯ ಮೊದಲ ನಾಲ್ಕು ವರ್ಷಕ್ಕೆ. ನಾನ್‌ರೆಸಿಡೆಂಟ್ ವಿದ್ಯಾರ್ಥಿಗೆ ಈ ಕ್ರೆಡಿಟ್ ಸಿಗುವುದಿಲ್ಲ. ರೆಸಿಡೆಂಟ್ ಆದ ಗಂಡ ಅಥವಾ ಹೆಂಡತಿಯ ಜೊತೆ ಜಂಟಿ ರಿಟರ್ನ್ ಹಾಕುವ ಆಯ್ಕೆ ಮಾಡಿಕೊಂಡವರ ಕಥೆ ಬೇರೆ. ವಿದೇಶಿ ವಿದ್ಯಾರ್ಥಿಗಳಿಗೆ, ಅವರು ಕೇಳದ ಹೊರತು, ಈ ಫಾರಂ ಕೊಡಲೇಬೇಕು ಅನ್ನುವ ನಿಯಮವೂ ಇಲ್ಲ. ಎಷ್ಟೋ ವಿಶ್ವವಿದ್ಯಾಲಯಗಳು ಎಲ್ಲರಿಗೂ ಕಳಿಸಿಬಿಡುತ್ತವೆ. ಬಂತು ಅಂದಮಾತ್ರಕ್ಕೆ ನಿಮಗೆ ಹಕ್ಕಿದೆ ಅಂತ ಅರ್ಥವಲ್ಲ. 1040 ಹಾಕಿ ಈ ಹಣ ಪಡೆದವರು ಆಮೇಲೆ ಗ್ರೀನ್ ಕಾರ್ಡ್ ಅರ್ಜಿಯ ಹೊತ್ತಿಗೆ ಹಳೆಯ ರಿಟರ್ನ್ ತಿದ್ದಿಸಲು ಓಡಿ ಬರುವುದನ್ನು ನೋಡುತ್ತಲೇ ಇದ್ದೇನೆ.

ಖಾಯಂ ನೌಕರರ ಮನೆಯಲ್ಲಿ ಇದೇ 1098-ಟಿ ಉಪಯೋಗಕ್ಕೆ ಬರುತ್ತದೆ. ಮಗಳು ಪದವಿ ಓದುತ್ತಿದ್ದಾಳೆ, ನಿಮ್ಮ ಅವಲಂಬಿತೆ ಅಂದರೆ ಕ್ರೆಡಿಟ್ ನಿಮ್ಮದು. ಫಾರಂ ಮಾತ್ರ ಅವಳ ಹೆಸರಲ್ಲಿ, ಅವಳ ಪೋರ್ಟಲ್‌ನಲ್ಲಿ ಇರುತ್ತದೆ. ಜಂಟಿ ಆದಾಯ 1,60,000 ಡಾಲರ್ ದಾಟಿದರೆ ಕ್ರೆಡಿಟ್ ಇಳಿಯುತ್ತಾ ಹೋಗಿ 1,80,000ಕ್ಕೆ ಸೊನ್ನೆಯಾಗುತ್ತದೆ. ಬಾಕ್ಸ್ 5 ಬಾಕ್ಸ್ 1ಕ್ಕಿಂತ ಜಾಸ್ತಿ ಇದ್ದರೆ ತಿರುಗುಮುರುಗು. ಹೆಚ್ಚುವರಿ ಮೊತ್ತ ಮಗಳ ಆದಾಯವಾಗಬಹುದು. ಪುಸ್ತಕದ ಬಿಲ್‌ಗಳು ಆಗ ಅದನ್ನು ತಗ್ಗಿಸಲು ಕೆಲಸಕ್ಕೆ ಬರುತ್ತವೆ. ಸ್ಕಾಲರ್‌ಶಿಪ್ ಡಿಸೆಂಬರ್‌ನಲ್ಲಿ ಜಮಾ ಆಯಿತೋ ಜನವರಿಯಲ್ಲೋ ಅನ್ನುವುದರ ಮೇಲೂ ಅಂಕಿ ಏರುಪೇರಾಗುತ್ತದೆ, ಆದ್ದರಿಂದ ಫಾರಂ ಜೊತೆ ವಿದ್ಯಾರ್ಥಿ ಖಾತೆಯ ಸ್ಟೇಟ್‌ಮೆಂಟ್ ಕೂಡ ತೆಗೆದುಕೊಳ್ಳಿ.

ನೌಕರರಿಗೆ ಇನ್ನೊಂದು ಮಾತು. ನೀವೇ ಸ್ನಾತಕೋತ್ತರ ಕೋರ್ಸ್ ಮಾಡಿ ಫೀ ಮಾಫಿ ಪಡೆದಿದ್ದರೆ ವರ್ಷಕ್ಕೆ 5,250 ಡಾಲರ್‌ವರೆಗೆ ತೆರಿಗೆ ಇಲ್ಲ. ಅದರ ಮೇಲಿನದು ಸಾಮಾನ್ಯವಾಗಿ ಡಬ್ಲ್ಯು-2ರ ಬಾಕ್ಸ್ 1ಕ್ಕೆ ಸೇರುತ್ತದೆ. ಬ್ಯಾಂಕಿಗೆ ಬಾರದ ಹಣಕ್ಕೆ ತೆರಿಗೆ ಯಾಕೆ ಅಂತ ಸಿಟ್ಟು ಬರುವುದು ಸಹಜ, ಆದರೆ ಫಾರಂ ಸರಿಯಾಗಿಯೇ ಇದೆ. ಅಸಿಸ್ಟೆಂಟ್‌ಶಿಪ್ ಜೊತೆ ಬರುವ ಟ್ಯೂಷನ್ ಮಾಫಿಗೆ ಈ ಮಿತಿ ಇಲ್ಲ.

1095-ಸಿ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆರೋಗ್ಯ ವಿಮೆ ಕೊಟ್ಟಿದ್ದೇವೆ ಅನ್ನುವ ಪತ್ರ. ಹೆಚ್ಚಿನವರು ಫೈಲ್‌ನಲ್ಲಿ ಇಟ್ಟುಕೊಂಡರೆ ಸಾಕು. ಬ್ಯಾಂಕಿನಿಂದ ಬಡ್ಡಿಯ ಫಾರಂ 1099-ಐಎನ್‌ಟಿ ಬಂದರೆ ಎಫ್-1 ನಾನ್‌ರೆಸಿಡೆಂಟ್‌ಗೆ ಉಳಿತಾಯ ಖಾತೆಯ ಬಡ್ಡಿಗೆ ಫೆಡರಲ್ ತೆರಿಗೆ ಇಲ್ಲ.

ಫಾರಂ ಬಾರದವರ ವಿಷಯವೂ ಇದೆ. ರೆಸಿಡೆಂಟ್ ಆದ ಪಿಎಚ್‌ಡಿ ವಿದ್ಯಾರ್ಥಿಗೆ ಫೆಲೋಶಿಪ್ ಹಣ ಬಂದಿದ್ದರೆ ಅದಕ್ಕೆ ಡಬ್ಲ್ಯು-2 ಇರುವುದಿಲ್ಲ, ಎಷ್ಟೋ ಸಲ ಯಾವ ಫಾರಂ ಕೂಡ ಇರುವುದಿಲ್ಲ. ತೆರಿಗೆ ಮಾತ್ರ ಇದೆ. ಯಾರೂ ಹಿಡಿದಿರುವುದಿಲ್ಲ, ಆದ್ದರಿಂದ ಏಪ್ರಿಲ್, ಜೂನ್, ಸೆಪ್ಟೆಂಬರ್ ಮತ್ತು ಮುಂದಿನ ಜನವರಿಯ 15ನೇ ತಾರೀಖಿಗೆ 1040-ಇಎಸ್ ಮೂಲಕ ಕಂತು ಕಟ್ಟಬೇಕಾಗಬಹುದು. ಕಳೆದ ಆಗಸ್ಟ್‌ನಲ್ಲಷ್ಟೇ ಬಂದು ಒಂದು ಡಾಲರ್ ಕೂಡ ದುಡಿಯದ ಎಫ್-1 ವಿದ್ಯಾರ್ಥಿ, ತನ್ನ ದಿನಗಳು ಎಣಿಕೆಗೆ ಬರುವುದಿಲ್ಲ ಅಂತ ತಿಳಿಸುವ ಫಾರಂ 8843 ಒಂದನ್ನು ತುಂಬಿ ಜೂನ್ 15ರೊಳಗೆ ಆಸ್ಟಿನ್‌ನ ಐಆರ್‌ಎಸ್ ಕೇಂದ್ರಕ್ಕೆ ಅಂಚೆಯಲ್ಲಿ ಕಳಿಸಬೇಕು. ಎಫ್-2ರಲ್ಲಿರುವ ಗಂಡ ಅಥವಾ ಹೆಂಡತಿ, ಮಕ್ಕಳು, ಎಲ್ಲರಿಗೂ ಒಂದೊಂದು.

ಕೊನೆಗೆ ತಾರೀಖಿನ ವಿಷಯ. ಡಬ್ಲ್ಯು-2 ಬರುವುದು ಜನವರಿ ಕೊನೆಗೆ, 1042-ಎಸ್‌ಗೆ ಮಾರ್ಚ್ 15ರವರೆಗೆ ಕಾಲಾವಕಾಶ ಇದೆ. ಸ್ಕಾಲರ್‌ಶಿಪ್ ಇದ್ದವರು ಫೆಬ್ರವರಿಯಲ್ಲೇ ರಿಟರ್ನ್ ಹಾಕಿ, ಒಂದು ತಿಂಗಳ ಮೇಲೆ ಎರಡನೇ ಫಾರಂ ಬಂದಾಗ ರಿಟರ್ನ್ ತಿದ್ದುವ 1040-ಎಕ್ಸ್ ತುಂಬುತ್ತಾ ಕೂರುತ್ತಾರೆ. ಸಂಬಳ ಪಡೆದವರಿಗೆ ಗಡುವು ಏಪ್ರಿಲ್ 15. ಮೇ ತಿಂಗಳಲ್ಲಿ ಪದವಿ ಮುಗಿಸಿ ಹೋಗುವವರು ಪೋರ್ಟಲ್ ಲಾಗಿನ್ ಮುಚ್ಚುವ ಮೊದಲೇ ಎಲ್ಲ ವರ್ಷದ ಫಾರಂಗಳನ್ನೂ ಪಿಡಿಎಫ್ ಮಾಡಿ ಇಳಿಸಿಕೊಳ್ಳಿ. ಆ ವರ್ಷದ ಮೊದಲ ಐದು ತಿಂಗಳ ಡಬ್ಲ್ಯು-2 ಮುಂದಿನ ಜನವರಿಯಲ್ಲಿ ಬರುತ್ತದೆ. ಪೇರೋಲ್‌ನಲ್ಲಿ ಹಳೆಯ ಬಾಡಿಗೆ ಮನೆಯ ವಿಳಾಸವೇ ಉಳಿದಿದ್ದರೆ ಅಲ್ಲಿಗೇ ಹೋಗುತ್ತದೆ.